ನಾಯಿಯ ಗುಳಿಗೆಗೆ ಹಸಿರು ಚುಕ್ಕೆ ಹುಡುಕಿದ್ದು

ನನಗೆ ಸಿಟ್ಟು ಜಾಸ್ತಿ. ಇದನ್ನ ನಾನೇ ಮೊದಲು ಹೇಳಿಬಿಡೋದು ಒಳ್ಳೇದು, ಇಲ್ಲದಿದ್ರೆ ಚಳ್ಳಕೆರೆಯ ನಮ್ಮ ಎಣ್ಣೆ ಅಂಗಡಿಗೆ ಒಂದ್ಸಲ ಬಂದುಹೋದ ಯಾರು ಬೇಕಾದ್ರೂ ಹೇಳ್ತಾರೆ. ಎಣ್ಣೆ ಕಮಟು ವಾಸನೆ ಬರ್ತೈತೆ ಅಂತ ಯಾರಾದ್ರೂ ಸುಮ್ಮನೆ ಮೂಗು ಮುರಿದರೆ, ಅವರ ಕೈ ಹಿಡಿದು, ಮುಂಗೈ ಮೇಲೆ ಎರಡು ಹನಿ ಹಾಕಿ, ನೆಕ್ಕಿ ನೋಡಿ ಆಮೇಲೆ ಮಾತಾಡ್ರಿ ಅಂತೀನಿ. ನಮ್ಮ ವ್ಯಾಪಾರದಲ್ಲಿ ಕಣ್ಣಿಗಿಂತ ನಾಲಿಗೆಗೆ ಮರ್ಯಾದೆ. ಶೇಂಗಾ ಬಂದರೆ ನಾಲ್ಕು ಕಾಯಿ ಒಡೆದು ಬಾಯಿಗೆ ಹಾಕ್ಕೊಂಡು ನೋಡಬೇಕು, ಎಣ್ಣೆ ಇಳಿದರೆ ಬೆರಳು ಅದ್ದಿ ನೆಕ್ಕಬೇಕು, ಹಿಂಡಿ ಆದರೂ ಒಂದು ಚೂರು ಮುರಿದು ಅಗೀಬೇಕು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಹಿಂಗೇ ಬದುಕಿದೀನಿ. ಯಾರ ಮನೆ ಊಟಕ್ಕೆ ಹೋದರೂ ಕೈ ತಾನಾಗೇ ಒಗ್ಗರಣೆ ಸೌಟಿನ ಕಡೆ ಹೋಗ್ತೈತೆ.

ಸಿಟ್ಟು ಬಂದಾಗ ನಾನು ಆಡೋ ಮಾತನ್ನ ಕೊನೇತನಕ ಕೂತು ಕೇಳೋದು ನಮ್ಮನೇಲಿ ನಾಯಿ ಒಂದೇ. ಯಜಮಾನ್ರು ಅರ್ಧಕ್ಕೇ ಎದ್ದು ಹಿಂದಿನ ಮಿಲ್ಲಿಗೆ ಹೋಗಿಬಿಡ್ತಾರೆ. ಈ ನಾಯೀನ ಹನ್ನೊಂದು ವರ್ಷದ ಹಿಂದೆ ವರವು ಕಾವಲ್ ಹುಲ್ಲುಗಾವಲಿನ ಕಡೆ ಕುರಿ ಕಾಯೋರೊಬ್ರು ಕಂಬಳಿ ಮೂಲೇಲಿ ಸುತ್ತಿ ತಂದು ಕೊಟ್ಟಿದ್ರು. ಕುರಿ ಕಾಯೋಕೆ ಹುಟ್ಟಿದ ಜಾತಿ, ಆದ್ರೆ ನಮ್ಮನೇಲಿ ಅವನು ಕಾದಿದ್ದು ಅತ್ತೆಯವರನ್ನ.

ಅತ್ತೆ ಮಾತು ಕಡಿಮೆ. ಮಾವ ಹೋದ ಮೇಲಂತೂ ನಮ್ಮ ಜೊತೆ ಬೇಕಾದಷ್ಟೇ, ಅಳೆದು ಸುರಿದಂಗೆ. ಆದ್ರೆ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಒಂದು ರೊಟ್ಟಿ, ಒಂದು ಬಾಳೆಹಣ್ಣು ಹಿಡ್ಕೊಂಡು ಹೊರಗಿನ ಜಗಲಿ ಮೇಲೆ ಕೂತರೆ, ನಾಯಿ ನಾಲ್ಕು ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕೂರೋದು. ಆಗ ಶುರು. ರಾತ್ರಿ ನಿದ್ದೆ ಬಂತೋ ಇಲ್ಲವೋ, ಕನಸಲ್ಲಿ ಯಾರು ಬಂದಿದ್ರು, ಸೊಸೆ ಸಾರಿಗೆ ಹುಣಸೆಹಣ್ಣು ಎಷ್ಟು ಸುರಿದ್ಲು, ಎಲ್ಲ ಅವನಿಗೇ ವರದಿ. ಒಂದು ತುತ್ತು ಅವರು, ಒಂದು ತುತ್ತು ಅವನು. ನಾನು ಒಳಗೆ ನಿಂತು ನನ್ನ ಬಗ್ಗೆ ಏನು ದೂರು ಹೋಗ್ತೈತೆ ಅಂತ ಕೇಳಿಸ್ಕೊಳ್ತಿದ್ದೆ. ಹುಣಸೆಹಣ್ಣಿನ ವಿಷಯ ನನಗೆ ಗೊತ್ತಾಗಿದ್ದೇ ಹಂಗೆ.

ಹೋದ ಚಳಿಗಾಲ ಅವನು ಮೆಟ್ಟಿಲು ಹತ್ತೋದು ನಿಲ್ಲಿಸಿದ. ಕೆಳಗೆ ನಿಂತು, ಮುಂಗಾಲು ಮೊದಲನೇ ಮೆಟ್ಟಿಲ ಮೇಲಿಟ್ಟು, ಹಿಂಗಾಲು ಎತ್ತೋಕೆ ನೋಡಿ, ಆಗದೆ ಅಲ್ಲೇ ಕೂತ್ಕೊಂಡ. ಅತ್ತೆ ಮೇಲಿಂದ ಕರೆದ್ರು. ಅವನು ಬಾಲ ಅಲ್ಲಾಡಿಸಿದ, ಎದ್ದೇಳಲಿಲ್ಲ. ಅವರು ರೊಟ್ಟಿ ಚೂರು ಕೆಳಗೆ ಎಸೆದ್ರು, ಅವನು ತಿಂದ. ಆದ್ರೆ ಎಸೆದು ತಿನ್ನಿಸೋದ್ರಲ್ಲಿ ಮಾತಿಗೆ ಜಾಗ ಎಲ್ಲಿ? ಒಂದು ವಾರದಲ್ಲಿ ಅತ್ತೆಯವರ ತಟ್ಟೇಲಿ ಅರ್ಧ ರೊಟ್ಟಿ ಉಳಿಯೋಕೆ ಶುರುವಾಯ್ತು. ಎರಡನೇ ವಾರ ಮುಕ್ಕಾಲು. ಕೇಳಿದ್ರೆ, "ಹಸಿವಿಲ್ಲ ಬಿಡು" ಅನ್ನೋರು. ನನಗೆ ಭಯ ಆಯ್ತು. ನಾಯಿ ಕಾಲಿನ ಚಿಂತೆ ಅಂತ ನಾನು ಎಲ್ಲರ ಮುಂದೆ ಹೇಳ್ತಿದ್ದೆ, ಒಳಗೊಳಗೆ ನನ್ನ ಕಣ್ಣು ಆ ತಟ್ಟೆ ಮೇಲಿತ್ತು.

ಸಲಹೆಗೇನು ಬರ? ಎದುರುಗಡೆ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿರೋ ಭಾಯ್ ರಸ್ತೆ ದಾಟಿ ಬಂದು, ಬಗ್ಗಿ, ನಾಯಿ ಸೊಂಟ ಒತ್ತಿ ನೋಡಿ, "ಅಕ್ಕಾ, ಕೀಲಿನ ಬುಷ್ ಸವೆದೈತೆ" ಅಂದ್ರು. ಯಜಮಾನ್ರು, ನಮ್ಮದೇ ಗಾಣದ ಎಣ್ಣೆ ಬಿಸಿ ಮಾಡಿ ತಿಕ್ಕಿದ್ರೆ ಎಂಥ ಕಾಲೂ ಓಡ್ತೈತೆ ಅಂದ್ರು. ಹೇಳಿದ್ದಷ್ಟೇ ಅಲ್ಲ, ಹದಿನೈದು ದಿನ ತಿಕ್ಕಿದ್ರು. ನಾಯಿ ಕಾಲು ಓಡಲಿಲ್ಲ, ಜಾರಿತು. ಪಡಸಾಲೆ ನೆಲವೆಲ್ಲ ಎಣ್ಣೆ, ಗೋಡೆಗೆ ಒರಗಿದ ಕಡೆಯೆಲ್ಲ ನಾಯಿ ಆಕಾರದ ಎಣ್ಣೆ ಗುರುತು. ಹದಿನಾರನೇ ದಿನ ಯಜಮಾನ್ರೇ ಬಾಗಿಲ ಹತ್ತಿರ ಜಾರಿ ಬಿದ್ದು ಸೊಂಟ ಹಿಡ್ಕೊಂಡ ಮೇಲೆ ಆ ವೈದ್ಯ ನಿಂತಿತು. ಅವರ ಸೊಂಟಕ್ಕೆ ಎಣ್ಣೆ ತಿಕ್ಕಲಾ ಅಂತ ಕೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ರು.

ಕೊನೆಗೆ ದನದ ಡಾಕ್ಟ್ರ ಹತ್ತಿರ ಕರ್ಕೊಂಡು ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಮಾಧಾನದವರು. ನಾಯೀನ ನಡೆಸಿ ನೋಡಿದ್ರು, ಕೂರಿಸಿ ನೋಡಿದ್ರು, ಹಿಂಗಾಲನ್ನ ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ಆಡಿಸಿದ್ರು. ಸೊಂಟದ ಕೀಲು ಸವೆದಿದೆ, ವಯಸ್ಸಿಗೆ ಬರೋದು, ಆದರೆ ಇವನ ತೂಕ ಅದಕ್ಕೆ ಇನ್ನೂ ಭಾರ ಹಾಕಿದೆ ಅಂದ್ರು. "ಏನು ತಿನ್ನಿಸ್ತೀರಿ?"

"ರೊಟ್ಟಿ, ಮೊಸರನ್ನ, ಬಾಳೆಹಣ್ಣು. ನಮ್ದು ಶುದ್ಧ ಸಸ್ಯಾಹಾರಿ ಮನೆ ಮೇಡಂ," ಅಂದೆ, ಹೆಮ್ಮೆಯಿಂದ.

ಅವರು ನಾಯಿ ಹೊಟ್ಟೆ ನೋಡಿದ್ರು, ನನ್ನ ಮುಖ ನೋಡಿದ್ರು, ಚೀಟಿ ಬರೆಯೋಕೆ ಕೂತ್ರು. ತೂಕ ಇಳಿಸಬೇಕು, ದಿನಾ ಸ್ವಲ್ಪ ಸ್ವಲ್ಪ ನಡೆಸಬೇಕು, ನೋವು ಜಾಸ್ತಿ ಆದಾಗ ಮಾತ್ರ ನಾನು ಕೊಡೋ ನೋವಿನ ಮಾತ್ರೆ, ಮನುಷ್ಯರ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ ಅಂದ್ರು. ಆಮೇಲೆ, ಕೀಲಿಗೆ ಅಂತ ಪೂರಕ ಗುಳಿಗೆ ಬರ್ತವೆ, ಬೇಕಿದ್ರೆ ಕೊಟ್ಟು ನೋಡಬಹುದು. ಕೆಲವು ನಾಯಿಗೆ ಅನುಕೂಲ ಆಗುತ್ತೆ, ಕೆಲವಕ್ಕೆ ಏನೂ ಗೊತ್ತಾಗಲ್ಲ, ಎರಡು ತಿಂಗಳಾದ್ರೂ ಕಾಯಬೇಕು. "ಡಬ್ಬಿ ಮೇಲೆ ಹಾರ್ತಿರೋ ನಾಯಿ ಚಿತ್ರ ನೋಡಿ ತಗೋಬೇಡಿ. ಹಿಂದೆ ಏನೇನು ಎಷ್ಟೆಷ್ಟು ಹಾಕಿದಾರೆ ಅಂತ ಓದಿ, ನನಗೆ ತೋರಿಸಿ, ಆಮೇಲೆ ತಗೊಳ್ಳಿ."

ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಒಂದೇ ಮಾತು ಕೇಳಿದ್ರು. "ಅದ್ರಾಗೆ ಮಾಂಸ ಗೀಂಸ ಇಲ್ಲ ತಾನೆ?"

ಇಲ್ಲ ಅಂತ ಮಾತು ಕೊಟ್ಟೆ. ಇಲ್ಲಿಂದಲೇ ನನ್ನ ಫಜೀತಿ ಶುರುವಾಗಿದ್ದು.

ಚಳ್ಳಕೆರೆಯ ಔಷಧಿ ಅಂಗಡೀಲಿ ಕನ್ನಡಕ ಏರಿಸಿ ಡಬ್ಬಿ ಡಬ್ಬೀನೂ ತಿರುಗಿಸಿ ನೋಡಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹುಡುಕಿ ಅಭ್ಯಾಸ ಇರೋ ಕಣ್ಣು. ಒಂದರ ಮೇಲೆ ಕಂದು ಗುರುತು, ಇನ್ನೊಂದರ ಮೇಲೆ ಯಾವ ಗುರುತೂ ಇಲ್ಲ, ಮೂರನೆಯದರ ಮೇಲೆ ಹಿಂದೆ ಬರೆದಿದ್ದು ಇರುವೆ ಸಾಲಿಗಿಂತ ಸಣ್ಣ. ಕೊನೆಗೊಂದು ಹಸಿರು ಚುಕ್ಕೆದು ಸಿಕ್ತು. ಅರಿಸಿನ, ಯಾವುದೋ ಮರದ ಗೋಂದು, ಜೋಳದಿಂದ ತೆಗೆದ ಏನೋ ಒಂದು. ಡಾಕ್ಟ್ರಿಗೆ ಫೋಟೋ ಕಳಿಸಿದೆ, ಕೊಟ್ಟು ನೋಡಿ ಅಂದ್ರು. ಅಂಗಡೀಲೇ ಒಂದು ಚೂರು ನಾಲಿಗೆ ಮೇಲಿಟ್ಟು ನೋಡಿದೆ. ಕಹಿ, ಒಗರು, ಆದ್ರೆ ಶುದ್ಧ. ಅತ್ತೆ ಕೂಡ ಡಬ್ಬಿ ತಗೊಂಡು ಚುಕ್ಕೆ ಮೇಲೆ ಬೆರಳಿಟ್ಟು ನೋಡಿ ಒಪ್ಪಿದ್ರು.

ನಾಯಿ ಒಪ್ಪಲಿಲ್ಲ. ಬಾಳೆಹಣ್ಣಿನೊಳಗೆ ಇಟ್ಟು ಕೊಟ್ಟೆ. ಹಣ್ಣು ಹೊಟ್ಟೆಗೆ ಹೋಯ್ತು, ಗುಳಿಗೆ ಒಣಗಿದ್ದು ಒಣಗಿದಂಗೇ ನೆಲದ ಮೇಲೆ ಬಂತು. ರೊಟ್ಟಿಯಲ್ಲಿ ಮಡಚಿದೆ, ರೊಟ್ಟಿ ಬಿಚ್ಚಿ ತಿಂದ. ಪುಡಿ ಮಾಡಿ ಮೊಸರನ್ನಕ್ಕೆ ಕಲಸಿದೆ, ತಟ್ಟೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೋಗಿ ಮಲಗಿದ. ಎಲಾ ಇವನ, ನನ್ನ ಕೈಯಲ್ಲಿ ಬೆಳೆದ ನಾಯಿ, ನನಗಿಂತ ನಾಲಿಗೆ ಚುರುಕು. ಸಿಟ್ಟು ಬಂದು ಬೈದೆ. ಅವನು ಕಿವಿ ಹಿಂದಕ್ಕೆ ಮಾಡ್ಕೊಂಡು ಪೂರ್ತಿ ಕೇಳಿಸ್ಕೊಂಡ, ಗುಳಿಗೆ ಮಾತ್ರ ನುಂಗಲಿಲ್ಲ. ಹತ್ತು ದಿನ ಹಿಂಗೇ ಆಯ್ತು, ಅತ್ತೆಯವರ ತಟ್ಟೇಲಿ ರೊಟ್ಟಿ ಉಳೀತಾನೇ ಇತ್ತು.

ವಾರಕ್ಕೊಮ್ಮೆ ನಾನು ಗೂಡ್ಸ್ ಆಟೋದಲ್ಲಿ ಎಣ್ಣೆ ಡಬ್ಬ ಹೇರ್ಕೊಂಡು ತಳಕು, ರಾಂಪುರ, ಮೊಳಕಾಲ್ಮೂರು ಅಂಗಡಿಗಳಿಗೆ ಹಾಕಿ ಬರ್ತೀನಿ. ಆ ವಾರ ಮೊಳಕಾಲ್ಮೂರಲ್ಲಿ ಕೆಲಸ ಮುಗಿಸಿ, ಕುರಿ ಔಷಧಿ ಮಾರೋ ಒಂದು ಅಂಗಡಿಗೆ ಹೊಕ್ಕೆ. ಅಂಗಡಿಯವರಿಗೆ ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರ್ತವೆ. ಕೀಲಿನ ಗುಳಿಗೆ ಐತಾ ಅಂತ ಕೇಳಿದ್ದಕ್ಕೆ, "ಎವರಿಕಕ್ಕಾ, ಕುಕ್ಕಕಾ?" ಅಂದ್ರು. ಹೌದಪ್ಪಾ, ನಾಯಿಗೇ, ನನಗಲ್ಲ ಅಂದೆ.

ಅವರು ಒಂದು ತೆರೆದ ಡಬ್ಬಿ ಮುಂದಿಟ್ಟು, ಗಿರಾಕಿಗಳಿಗೆ ತೋರಿಸೋಕೆ ಇಟ್ಕೊಂಡಿರೋದು, ನೋಡ್ರಿ, ಎಂಥ ನಾಯೀನೂ ಕಣ್ಮುಚ್ಚಿ ತಿಂತೈತೆ ಅಂತ ಹೇಳಿ ಒಳಗಡೆ ಹೊಸ ಡಬ್ಬಿ ತರೋಕೆ ಹೋದ್ರು. ನನ್ನ ಮುಂದೆ ಒಂದು ತೆರೆದ ಡಬ್ಬಿ. ಒಳಗೆ ಕಂದು ಬಣ್ಣದ ಮೆತ್ತನೆ ಗುಳಿಗೆ. ಇನ್ನು ಹೇಳೋದೇನೈತೆ. ಕೈ ತಾನಾಗೇ ಹೋಯ್ತು, ಒಂದು ತುಂಡು ಮುರೀತು, ಬೆರಳ ನಡುವೆ ಪುಡಿ ಮಾಡ್ತು, ನಾಲಿಗೆ ಮೇಲೆ ಇಟ್ಟೇಬಿಡ್ತು. ಕಣ್ಮುಚ್ಚಿ ರುಚಿ ನೋಡಿದೆ. ಉಪ್ಪು ಸ್ವಲ್ಪ, ಜಿಡ್ಡು ಜಾಸ್ತಿ, ಹಿಂದಿಂದ ಯಾವುದೋ ಗೊತ್ತಿಲ್ಲದ ವಾಸನೆ. ಯಾವ ಎಣ್ಣೆ ಇರಬಹುದು ಅಂತ ನಾನು ಗಂಭೀರವಾಗಿ ಯೋಚನೆ ಮಾಡ್ತಿರಬೇಕಾದ್ರೆ ಅಂಗಡಿಯವರು ಹೊರಗೆ ಬಂದ್ರು. ನನ್ನ ಬಾಯಿ ನೋಡಿದ್ರು. ನನ್ನ ಹಣೆ ಮೇಲಿನ ವಿಭೂತಿ ನೋಡಿದ್ರು.

"ಅಯ್ಯೋ ಅಕ್ಕಾ," ಅಂದ್ರು ಮೆಲ್ಲಗೆ, "ಅದ್ರಾಗೆ ಏಡಿ ಚಿಪ್ಪು, ಮೀನೆಣ್ಣೆ, ಕೋಳಿ ಲಿವರು, ಎಲ್ಲಾ ಐತೆ."

ನಾನು ಆ ಅಂಗಡಿ ಮುಂದಿನ ಮೋರಿ ಹತ್ತಿರ ಎಷ್ಟು ಹೊತ್ತು ಬಾಯಿ ಮುಕ್ಕಳಿಸಿದೆನೋ ನನಗೇ ಗೊತ್ತಿಲ್ಲ. ಅಂಗಡಿಯವರು ಎರಡು ತಂಬಿಗೆ ನೀರು ತಂದುಕೊಟ್ರು, ಆಮೇಲೆ ಒಂದು ಏಲಕ್ಕಿ ಕೊಟ್ರು. ಪುಣ್ಯಾತ್ಮರು ನಗಲಿಲ್ಲ, ನಾನು ಹೊರಟ ಮೇಲೆ ನಕ್ಕಿರಬೇಕು. ಆದರೂ ಬುದ್ಧಿ ಸುಮ್ಮನಿರಲಿಲ್ಲ. ಡಬ್ಬಿ ಹಿಂಭಾಗದ ಫೋಟೋ ತೆಗೆದು ಡಾಕ್ಟ್ರಿಗೆ ಕಳಿಸಿದೆ. ಪ್ರಮಾಣ ಸರಿಯಾಗಿ ಬರೆದಿದ್ದಾರೆ, ಇದನ್ನೇ ತಗೊಳ್ಳಿ, ಅಂತ ಉತ್ತರ ಬಂತು. ತಗೊಂಡೆ. ಆಟೋದಲ್ಲಿ ವಾಪಸ್ ಬರೋವಾಗ ಡಬ್ಬೀನ ಖಾಲಿ ಎಣ್ಣೆ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದ್ದೆ, ಕಳ್ಳಸಾಗಣೆ ಮಾಡೋರ ಥರ.

ಮನೆಗೆ ಬಂದು ಮುಚ್ಚಿಡಬೇಕು ಅಂತಿದ್ದೆ. ನನ್ನ ಮುಖ ಮುಚ್ಚಿಡೋ ಮುಖ ಅಲ್ಲ. ಅತ್ತೆ ಜಗಲಿ ಮೇಲೇ ಕೂತಿದ್ರು, ನಾಯಿ ಕೆಳಗೆ. ಎಣ್ಣೆ ಡಬ್ಬ ಎತ್ತೋವಾಗ ಒಳಗೆ ಲೊಟಲೊಟ ಸದ್ದು. ಏನದು ಅಂದ್ರು. ಹೇಳಿದೆ. ಚುಕ್ಕೆ ಯಾವುದು ಅಂದ್ರು. ಅದನ್ನೂ ಹೇಳಿದೆ.

ಅತ್ತೆ ದನಿ ಏರಿಸೋರಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸೋದು. "ಅದು ಹೊಸಿಲು ದಾಟೋ ಹಂಗಿಲ್ಲ. ಅದನ್ನ ತಿಂದ ಬಾಯಿ ನನ್ನ ಜಗಲಿ ಹತ್ತೋ ಹಂಗಿಲ್ಲ," ಅಂದ್ರು, ಅಷ್ಟೇ.

ನ್ಯಾಯ ನೋಡ್ರಿ. ಗುಳಿಗೆ ತಿಂದ್ರೆ ನಾಯಿಗೆ ಜಗಲಿ ಹತ್ತೋ ಶಕ್ತಿ ಬರ್ತೈತೆ, ಆದ್ರೆ ಹತ್ತೋ ಹಂಗಿಲ್ಲ. ತಿನ್ನದಿದ್ರೆ ಹತ್ತಬಹುದು ಅಂತ ಅಪ್ಪಣೆ ಐತೆ, ಆದ್ರೆ ಕಾಲೇಳಲ್ಲ. ನನ್ನ ನೆತ್ತಿಗೇರಿತು. "ಹಂಗಾದ್ರೆ ನಾನೂ ಜಗಲಿ ಹತ್ತಲ್ಲ," ಅಂದೆ. "ನಾನೂ ಅದನ್ನ ತಿಂದೀನಿ. ಮೊಳಕಾಲ್ಮೂರಲ್ಲಿ, ರುಚಿ ನೋಡೋಕೆ ಹೋಗಿ. ಏಡಿ, ಮೀನು, ಕೋಳಿ, ಮೂರೂ."

ಅತ್ತೆ ನನ್ನ ಬಾಯಿ ಕಡೆ ನೋಡಿದ್ರು. ಲಿಂಗದ ಮೇಲೆ ಒಮ್ಮೆ ಕೈ ಇಟ್ಕೊಂಡ್ರು. ನಾನು ಬೈಗುಳಕ್ಕೆ ತಯಾರಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಬಾಯಿ ತೊಳ್ಕೊಂಡ್ಯಾ?"

"ತೊಳ್ಕೊಂಡೆ."

"ಹಂಗಾದ್ರೆ ಸರಿ, ಬಾ ಒಳಗೆ. ನಾಯಿ ಬಾಯಿ ತೊಳ್ಕೊಳ್ಳಲ್ಲ."

ಮಾತಲ್ಲಿ ನನ್ನನ್ನ ಸೋಲಿಸೋರು ಜಿಲ್ಲೆಯಲ್ಲೇ ಇಲ್ಲ ಅಂತಿದ್ದೆ, ಮನೆಯೊಳಗೇ ಇದ್ರು. ಡಬ್ಬ ಎತ್ಕೊಂಡು ಸೀದಾ ರಸ್ತೆ ದಾಟಿ ಭಾಯ್ ಅಂಗಡಿಗೆ ಹೋದೆ. ಅವರು ಟ್ರ್ಯಾಕ್ಟರ್ ಕೆಳಗೆ ಮಲಗಿದ್ರು, ಕಾಲು ಮಾತ್ರ ಕಾಣ್ತಿತ್ತು. ಆ ಕಾಲುಗಳಿಗೇ ಇಡೀ ಕಥೆ ಹೇಳಿದೆ. ಕಾಲುಗಳು ಎರಡು ಸಲ ಅಲುಗಾಡಿದ್ವು, ಒಳಗಿಂದ ಕೆಮ್ಮು ಬಂತು. ಅದು ಕೆಮ್ಮಲ್ಲ, ನಗು. ಆಮೇಲೆ ಭಾಯ್ ಈಚೆ ಬಂದು ಕೈ ಒರೆಸ್ಕೊಂಡ್ರು.

"ಇಲ್ಲಿಡ್ರಿ ಡಬ್ಬಿ. ದಿನಾ ಎರಡು ಹೊತ್ತು ಇಲ್ಲಿಗೇ ಕರ್ಕೊಂಡು ಬರ್ರಿ, ತಿನ್ನಿಸೋಣ," ಅಂದ್ರು. ಆಮೇಲೆ ತಲೆ ತಗ್ಗಿಸಿ, "ಅಕ್ಕಾ, ಸಿಟ್ಟಾಗಬೇಡ್ರಿ. ಅವನು ಈ ರುಚಿಗೆ ಹೊಸಬ ಏನಲ್ಲ. ಮರಿ ಇದ್ದಾಗಿಂದ ಮಧ್ಯಾಹ್ನ ನಮ್ಮನೆ ಹಿತ್ತಲಿಗೆ ಬಂದು ಮೂಳೆ ತಿಂದು ಹೋಗ್ತಾನೆ. ಶುಕ್ರವಾರ ಬಿರಿಯಾನಿ. ಕುಂಟ್ಕೊಂಡಾದ್ರೂ ಇವತ್ತಿಗೂ ತಪ್ಪಿಸಿಲ್ಲ," ಅಂದ್ರು.

ನಾನು ಅಲ್ಲೇ ಹಳೇ ಟೈರಿನ ಮೇಲೆ ಕೂತ್ಕೊಂಡೆ. ಹನ್ನೊಂದು ವರ್ಷ. ನಮ್ಮನೆ ಜಗಲಿ ಮೇಲೆ ಕಣ್ಣು ಅರ್ಧ ಮುಚ್ಕೊಂಡು ಬಾಳೆಹಣ್ಣು ತಿನ್ನೋ ಸಾಧು. ಡಾಕ್ಟ್ರ ಮುಂದೆ ನಾನು ಎದೆಯುಬ್ಬಿಸಿ ಹೇಳಿದ್ದು ನೆನಪಾಗಿ ಕಿವಿ ಬಿಸಿಯಾಯ್ತು. ಅವರು ನಾಯಿ ಹೊಟ್ಟೆ ಯಾಕೆ ಹಂಗೆ ನೋಡಿದ್ರು ಅಂತ ಆಗ ತಿಳೀತು. ಈ ವಿಷಯ ಅತ್ತೆಗೆ ಗೊತ್ತಾದ್ರೆ ಜಗಲಿ ಕಿತ್ತು ಹೊಸದಾಗಿ ಕಟ್ಟಿಸಬೇಕಾಗ್ತೈತೆ, ಬಾಯಿ ಬಿಡಬೇಡ್ರಿ ಅಂತ ಭಾಯ್ ಹತ್ತಿರ ಮಾತು ತಗೊಂಡೆ. ಬಿರಿಯಾನೀನೂ ಬಂದ್ ಮಾಡಿಸಿದೆ. ಭಾಯ್ ಮನೆಯವರು ಅದಕ್ಕೆ ಸುಲಭಕ್ಕೆ ಒಪ್ಪಲಿಲ್ಲ. ಪಾಪ, ಬಾಯಿಲ್ಲದ ಜೀವ, ಆಸೆಯಿಂದ ಬರ್ತಾನೆ ಅಂತ ಅವರ ವಾದ. ಡಾಕ್ಟ್ರ ಚೀಟಿ ತೋರಿಸಿದ ಮೇಲೆ ಸೋತ್ರು.

ಹಂಗೆ ಶುರುವಾಯ್ತು ನಮ್ಮ ಮೆರವಣಿಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಾಯಿ ರಸ್ತೆ ದಾಟಬೇಕು. ಇಪ್ಪತ್ತು ಹೆಜ್ಜೆ ರಸ್ತೆ. ಅವನಿಗೆ ಅದು ಬಳ್ಳಾರಿಗೆ ನಡೆದು ಹೋದಂಗೆ. ನಾಲ್ಕು ಹೆಜ್ಜೆ ಇಟ್ಟು ನಿಲ್ಲೋನು, ಸುತ್ತ ನೋಡೋನು, ಮತ್ತೆ ನಾಲ್ಕು. ಶೇಂಗಾ ಹೇರಿದ ಟ್ರ್ಯಾಕ್ಟರುಗಳು ಎರಡೂ ಕಡೆ ನಿಂತು ಹಾರ್ನ್ ಹೊಡೆಯೋವು. ಭಾಯ್ ಸ್ಪಾನರ್ ಎತ್ತಿ ಹಿಡಿದು ಒಂದು ಕಡೆ ತಡೆಯೋರು, ನಾನು ಇನ್ನೊಂದು ಕಡೆ ಬಾಯಿಂದಲೇ ತಡೀತಿದ್ದೆ. "ನಿಮ್ಮಪ್ಪನಿಗೆ ಕಾಲು ನೋವಾದ್ರೂ ಹಿಂಗೇ ಹಾರ್ನ್ ಹೊಡೀತೀರೇನ್ರೋ?" ಅಂದ್ರೆ ಎಂಥೋರೂ ಇಂಜಿನ್ ಆಫ್ ಮಾಡ್ತಿದ್ರು. ಆಚೆ ಕಡೆ ತಲುಪಿದ ಮೇಲೆ ಭಾಯ್ ಅಂಗೈಯಲ್ಲಿ ಗುಳಿಗೆ ಇಟ್ಟು ಹಿಡಿಯೋರು. ಅವನು ಒಂದೇ ಸಲಕ್ಕೆ ನುಂಗಿ, ಇನ್ನೊಂದು ಐತಾ ಅಂತ ಅಂಗೈ ನೆಕ್ಕೋನು. ನಡೆಯೋಕೆ ಕೊಡೋ ಗುಳಿಗೆ ತಿನ್ನೋಕೆ ಅವನು ಮೊದಲು ನಡೀಬೇಕಿತ್ತು.

ಜಗಲಿ ಮೇಲಿಂದ ಅತ್ತೆ ಇದನ್ನೆಲ್ಲ ನೋಡೋರು. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಅತ್ತೆ ರವಿಕೆ ತೋಳು ಸಡಿಲ ಆಗಿದ್ದನ್ನ ನಾನು ಗಮನಿಸಿ, ಸುಮ್ಮನೆ ಹೊಲಿಗೆ ಹಾಕಿಕೊಟ್ಟೆ. ಹಾಕೋವಾಗ ಅಳು ಬಂತು. ಎರಡನೇ ತಿಂಗಳು ನಾಯಿ ರಸ್ತೆ ನಡುವೆ ನಿಲ್ಲೋದು ಬಿಟ್ಟ. ಒಂದು ಸಂಜೆ ನಾನು ಹಗ್ಗ ಹಿಡಿಯೋ ಮೊದಲೇ ತಾನೇ ಆಚೆ ಹೋಗಿ ಭಾಯ್ ಅಂಗಡಿ ಮುಂದೆ ಕೂತಿದ್ದ. ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗಿ ಬಿರಿಯಾನಿ ಕಥೇನೂ ಒಪ್ಕೊಂಡೆ. ತೂಕ ಚೆನ್ನಾಗಿ ಇಳಿದಿದೆ, ಕಾಲಿಗೆ ಶಕ್ತಿ ಬಂದಿದೆ ಅಂದ್ರು. ಗುಳಿಗೆಯಿಂದ ತಾನೆ ಅಂತ ಕೇಳಿದೆ. ಗುಳಿಗೆಯೋ, ನಡಿಗೆಯೋ, ಬಿರಿಯಾನಿ ನಿಲ್ಲಿಸಿದ್ದೋ, ಯಾವುದು ಎಷ್ಟು ಅಂತ ಹೇಳೋಕಾಗಲ್ಲ, ಮೂರನ್ನೂ ಮುಂದುವರಿಸಿ, ಆದರೆ ಹಳೇ ಥರ ಓಡ್ತಾನೆ ಅಂತ ಆಸೆ ಇಟ್ಕೋಬೇಡಿ ಅಂದ್ರು. ನನಗೆ ಅವರ ಈ ನೇರ ಮಾತು ಹಿಡಿಸ್ತು.

ಮಾರನೇ ವಾರ ಅವನು ಮೆಟ್ಟಿಲಿಗೆ ಕಾಲಿಟ್ಟ. ಒಂದು ಹತ್ತಿದ. ನಿಂತ. ಎರಡನೆಯದು ಹತ್ತಿದ. ಮೂರನೆಯದಕ್ಕೆ ಹಿಂಗಾಲು ಏಳಲಿಲ್ಲ. ಅಲ್ಲೇ ಎರಡನೇ ಮೆಟ್ಟಿಲ ಮೇಲೆ, ಗಲ್ಲ ಮೂರನೆಯದರ ಮೇಲಿಟ್ಟು, ಅತ್ತೆ ಮುಖ ನೋಡ್ತಾ ಕೂತ. ಅತ್ತೆ ಅವನನ್ನ ನೋಡಿದ್ರು. ರೊಟ್ಟಿ ತಟ್ಟೇಲೇ ಇತ್ತು. ಮರುದಿನವೂ ಅಷ್ಟೇ, ಎರಡು ಮೆಟ್ಟಿಲು. ಮೂರನೇ ದಿನವೂ ಅಷ್ಟೇ. ಅಷ್ಟೇ ಅವನ ಕೈಲಾಗೋದು ಅಂತ ನನಗೆ ಅರ್ಥ ಆಯ್ತು. ಇಷ್ಟು ಒದ್ದಾಡಿ ಎರಡು ಮೆಟ್ಟಿಲು ಕಡಿಮೆ ಬಿತ್ತಲ್ಲ ಅಂತ ಅಡುಗೆಮನೇಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸ್ಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಪಾತ್ರೆ ಸದ್ದಿನ ನಡುವೆ ಹೊರಗಡೆ ಮಾತು ಕೇಳಿಸ್ತು. ಕೈ ಒರೆಸ್ಕೊಂಡು ಬಂದು ನೋಡಿದ್ರೆ ಜಗಲಿ ಖಾಲಿ. ಅತ್ತೆ ಗೋಡೆ ಹಿಡ್ಕೊಂಡು ಇಳಿದು ಎರಡನೇ ಮೆಟ್ಟಿಲ ಮೇಲೆ ಕೂತಿದ್ರು, ನಾಯಿ ಪಕ್ಕ ಅಂಟಿಕೊಂಡು. ಒಂದು ತುತ್ತು ಅವರು, ಒಂದು ತುತ್ತು ಅವನು. ಮೂರ್ನಾಲ್ಕು ತಿಂಗಳ ವರದಿ ಬಾಕಿ ಇತ್ತಲ್ಲ, ಉಸಿರು ತಗೊಳ್ಳದೆ ಹೇಳ್ತಿದ್ರು. ನನ್ನ ಹೆಸರು ನಾಲ್ಕೈದು ಸಲ ಬಂತು. ನಾನು ಬಾಗಿಲಲ್ಲೇ ನಿಂತೆ.

ಅತ್ತೆ ತಿರುಗಿ ನೋಡಿದ್ರು. "ಏನು ನೋಡ್ತೀಯಾ? ಜಗಲಿ ಹತ್ತೋ ಹಂಗಿಲ್ಲ ಅಂದಿದ್ದೆ. ಮೆಟ್ಟಿಲ ಮಾತು ನಾನಾಡಿಲ್ಲ."

"ನಾನೇನೂ ಅಂದಿಲ್ಲವಲ್ಲ ಅತ್ತೆ."

ಅವರು ಕೊನೇ ಚೂರು ರೊಟ್ಟಿ ಬಾಯಿಗೆ ಹಾಕ್ಕೊಂಡು ಖಾಲಿ ತಟ್ಟೆ ನನ್ನ ಕಡೆ ಚಾಚಿದ್ರು. ತಗೊಂಡೆ. ಏನೂ ಉಳಿದಿರಲಿಲ್ಲ, ಚೂರು ಕೂಡ. ನನಗೆ ಕಣ್ಣು ತುಂಬಿ ಬಂತು, ಅವರಿಗೆ ಕಾಣಬಾರದು ಅಂತ ರಸ್ತೆ ಕಡೆ ತಿರುಗಿದೆ. ಆಚೆ ಭಾಯ್ ಅಂಗಡಿ ಬಾಗಿಲು ತೆಗೀತಿದ್ರು.

"ಆ ಗುಳಿಗೆ ಇನ್ನೆಷ್ಟು ದಿನಕ್ಕೈತೆ?" ಅಂದ್ರು ಅತ್ತೆ ಹಿಂದಿನಿಂದ.

"ಒಂದು ವಾರಕ್ಕೆ ಬರ್ತೈತೆ."

"ಮುಗಿಯೋತನಕ ಕಾಯಬೇಡ. ನಾಳೇನೇ ಮೊಳಕಾಲ್ಮೂರಿಗೆ ಹೋಗಿ ತಗೊಂಡ್ಬಾ," ಅಂದ್ರು.